ಬೀಗ ಬೀಳುತ್ತಿದ್ದ ಓಣಿಯಿಂದ: ರಾಥ್ಸ್‌ಚೈಲ್ಡ್ ಮನೆತನದ ಮನೆಗಳು

ದೊಡ್ಡ ಮನೆತನಗಳ ಮನೆಗಳ ಬಗ್ಗೆ ಮಾತನಾಡುವವರು ಅವುಗಳಲ್ಲಿ ಅತಿ ದೊಡ್ಡದರಿಂದ ಆರಂಭಿಸುವುದು ವಾಡಿಕೆ. ನಾನು ಅತಿ ಇಕ್ಕಟ್ಟಾದ ಮನೆಯಿಂದ ಆರಂಭಿಸುತ್ತೇನೆ. ಆ ಇಕ್ಕಟ್ಟನ್ನು ಕಣ್ಣಮುಂದೆ ತಂದುಕೊಳ್ಳದೆ ಯುರೋಪಿನ ಹೆಸರಾಂತ ಬ್ಯಾಂಕಿನ ಮನೆತನವಾದ ರಾಥ್ಸ್‌ಚೈಲ್ಡರ ಅರಮನೆಗಳನ್ನು ನೋಡಿದರೆ ಅವು ಹಣ ಹೆಚ್ಚಾದವರ ಹುಚ್ಚಾಟದಂತೆ ಕಾಣುತ್ತವೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಯಹೂದಿಗಳು ಇಲ್ಲಿಯೇ ವಾಸಿಸತಕ್ಕದ್ದು ಎಂದು 1462ರಲ್ಲಿ ಗೊತ್ತುಮಾಡಿದ ಒಂದು ಓಣಿಯಿತ್ತು. ಯೂಡೆನ್‌ಗಾಸ್ಸೆ, ಅಂದರೆ ಯಹೂದಿಗಳ ಓಣಿ, ಎಂದೇ ಅದರ ಹೆಸರು. ಉದ್ದ ಸುಮಾರು 330 ಮೀಟರ್. ಅಗಲ ಎರಡು ಗಾಡಿಗಳು ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದಷ್ಟು. ಹದಿನೆಂಟನೆಯ ಶತಮಾನದಲ್ಲಿ ಸುಮಾರು 3,000 ಜನ ಆ ಓಣಿಯಲ್ಲಿ ತುಂಬಿಕೊಂಡಿದ್ದರು. ಓಣಿಯನ್ನು ಹಿಗ್ಗಿಸಲು ನಗರಸಭೆಯ ಒಪ್ಪಿಗೆ ಇರಲಿಲ್ಲವಾದ್ದರಿಂದ ಮನೆಗಳು ಮೇಲಕ್ಕೆ ಬೆಳೆದವು, ಹಿತ್ತಿಲುಗಳೊಳಗೆ ಇನ್ನೊಂದು ಸಾಲು ಮನೆಗಳು ಹುಟ್ಟಿಕೊಂಡವು. ರಾತ್ರಿಯಾದರೆ, ಭಾನುವಾರ ಬಂದರೆ, ಕ್ರೈಸ್ತರ ಹಬ್ಬವಾದರೆ ಓಣಿಯ ಬಾಗಿಲುಗಳಿಗೆ ಬೀಗ ಬೀಳುತ್ತಿತ್ತು.

ಈ ಓಣಿಯಲ್ಲಿ ಮನೆಗಳಿಗೆ ಸಂಖ್ಯೆಗಳಿರಲಿಲ್ಲ, ಗುರುತುಗಳಿದ್ದವು. ಕೆಂಪು ಗುರಾಣಿಯ ಗುರುತಿದ್ದ ಮನೆಯಲ್ಲಿ ಹಿಂದೆಂದೋ ವಾಸವಾಗಿದ್ದ ಪೂರ್ವಜರಿಂದ ರಾಥ್ಸ್‌ಚೈಲ್ಡ್ ಎಂಬ ಹೆಸರು ಈ ಮನೆತನಕ್ಕೆ ಅಂಟಿತು. ನಮ್ಮಲ್ಲಿ ಮನೆತನದ ಹೆಸರು ಊರಿಂದಲೋ ಕಸುಬಿನಿಂದಲೋ ಬರುವ ಹಾಗೆ ಅವರಿಗೆ ಅದು ಬಾಗಿಲ ಮೇಲಿನ ಗುರುತಿನಿಂದ ಬಂತು. ವಿಚಿತ್ರವೆಂದರೆ, ಬ್ಯಾಂಕಿನ ಮೂಲಪುರುಷ ಮೇಯರ್ ಆಮ್‌ಶೆಲ್ ರಾಥ್ಸ್‌ಚೈಲ್ಡ್ 1780ರ ದಶಕದಲ್ಲಿ ಕೊಂಡುಕೊಂಡ ಮನೆಯ ಗುರುತು ಹಸಿರು ಗುರಾಣಿ. ಹಳೆಯ ನಾಣ್ಯಗಳ ವ್ಯಾಪಾರದಿಂದ ಆರಂಭಿಸಿ ರಾಜಮನೆತನಗಳ ಹಣಕಾಸಿನ ವ್ಯವಹಾರದವರೆಗೆ ಬಂದ ಆತನಿಗೂ ಹೆಂಡತಿ ಗುಟ್ಲೆಗೂ ಹುಟ್ಟಿದ 19 ಮಕ್ಕಳಲ್ಲಿ ಉಳಿದವರು ಹತ್ತು ಜನ, ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಮುಂದೆ ಆ ಐವರು ಗಂಡುಮಕ್ಕಳು ಫ್ರಾಂಕ್‌ಫರ್ಟ್, ವಿಯೆನ್ನಾ, ಲಂಡನ್, ನೇಪಲ್ಸ್, ಪ್ಯಾರಿಸ್ ನಗರಗಳಲ್ಲಿ ಒಂದೊಂದು ಗದ್ದಿಗೆ ಸ್ಥಾಪಿಸಿ ಯುರೋಪಿನ ಸರ್ಕಾರಗಳಿಗೆ ಸಾಲ ಕೊಡುವವರಾದರು. ಮೇಯರ್ 1812ರಲ್ಲಿ ತೀರಿಕೊಂಡ. ಮಕ್ಕಳು ಬ್ಯಾರನ್ನರಾದರು, ಬಗ್ಗಿ ನಮಸ್ಕರಿಸುವ ಮಂತ್ರಿಗಳು ಅವರ ಬಾಗಿಲಿಗೆ ಬಂದರು. ತಾಯಿ ಗುಟ್ಲೆ ಮಾತ್ರ ಓಣಿಯ ಹಸಿರು ಗುರಾಣಿಯ ಮನೆಯನ್ನು ಬಿಟ್ಟು ಕದಲಲಿಲ್ಲ. 1849ರಲ್ಲಿ, 95ನೆಯ ವಯಸ್ಸಿನಲ್ಲಿ, ಆಕೆ ಪ್ರಾಣ ಬಿಟ್ಟದ್ದು ಅದೇ ಮನೆಯಲ್ಲಿ. ತಾನು ಅಲ್ಲಿಂದ ಎದ್ದರೆ ಮಕ್ಕಳ ಭಾಗ್ಯವೂ ಎದ್ದುಹೋಗುತ್ತದೆಂದು ಆಕೆ ನಂಬಿದ್ದಳೆಂದು ಊರಿನ ಜನ ಆಡಿಕೊಳ್ಳುತ್ತಿದ್ದರು. ಈ ನಂಬಿಕೆಯನ್ನು ಅರ್ಥಮಾಡಿಕೊಳ್ಳಲು ನಮಗೆ, ನಮ್ಮ ಅಜ್ಜಿಯರನ್ನು ಕಂಡವರಿಗೆ, ಯಾವ ಪಾಂಡಿತ್ಯವೂ ಬೇಕಾಗಿಲ್ಲ.

ಈಗ ಮಕ್ಕಳ ಕಡೆಗೆ ಬರೋಣ. ಇವರ ವ್ಯವಹಾರದ ಗುಟ್ಟನ್ನು ನೀವು ಹುಂಡಿಯನ್ನು ನೆನೆದರೆ ಅರ್ಧ ತಿಳಿದಂತೆ: ಒಂದು ಊರಲ್ಲಿ ಬರೆದ ಕಾಗದಕ್ಕೆ ಇನ್ನೊಂದು ಊರಲ್ಲಿ ಹಣ, ನಡುವೆ ಇರುವುದು ಅಣ್ಣತಮ್ಮಂದಿರ ನಂಬಿಕೆ. ಇಂಥ ಆಸ್ತಿ ಕಣ್ಣಿಗೆ ಕಾಣುವುದಿಲ್ಲ, ಕಾಲಡಿಗೆ ಸಿಗುವುದಿಲ್ಲ. ಕಾಣುವ ಆಸ್ತಿಯಾದ ನೆಲವನ್ನು ಕೊಳ್ಳುವ ಹಕ್ಕು ಅವರಿಗೆ ಎಲ್ಲ ಕಡೆಯೂ ಇರಲಿಲ್ಲ. ವಿಯೆನ್ನಾಕ್ಕೆ ಹೋದ ಸಾಲೊಮನ್ನನ ಉದಾಹರಣೆ ನೋಡಿ. ಆಸ್ಟ್ರಿಯದ ಚಕ್ರವರ್ತಿಯ ಸರ್ಕಾರ ಅವನ ಸಾಲದ ಮೇಲೆ ನಿಂತಿತ್ತು. ಆದರೆ ಯಹೂದಿಗಳು ಆ ನಗರದಲ್ಲಿ ಮನೆ ಕೊಳ್ಳುವಂತಿರಲಿಲ್ಲ. ಆತ ರೆನ್‌ಗಾಸ್ಸೆ ಬೀದಿಯ ರೋಮನ್ ಚಕ್ರವರ್ತಿ ಎಂಬ ಹೋಟೆಲಿನಲ್ಲಿ ಕೋಣೆ ಹಿಡಿದ, ಒಂದೊಂದೇ ಕೋಣೆ ಸೇರಿಸುತ್ತ ಕಡೆಗೆ ಇಡೀ ಹೋಟೆಲನ್ನೇ ಬಾಡಿಗೆಗೆ ಹಿಡಿದು ವರ್ಷಗಟ್ಟಲೆ ಅತಿಥಿಯಾಗಿಯೇ ಬಾಳಿದ. 1843ರಲ್ಲಿ ಗೌರವ ನಾಗರಿಕನೆಂಬ ಪದವಿ ದೊರೆತ ಮೇಲೆಯೇ ಅವನಿಗೆ ಆಸ್ತಿ ಕೊಳ್ಳುವ ಬಾಗಿಲು ತೆರೆದದ್ದು. ಚಕ್ರವರ್ತಿಗೆ ಸಾಲ ಕೊಡಬಹುದು, ಹೊಸ್ತಿಲು ಮಾತ್ರ ಸ್ವಂತದ್ದಾಗಬಾರದು. ನಾನು ಮುಂದೆ ಹೇಳಲಿರುವ ಅರಮನೆಗಳೆಲ್ಲ, ನನ್ನ ಮಟ್ಟಿಗೆ, ಈ ಹೊಸ್ತಿಲಿಗಾಗಿ ನಡೆದ ದೀರ್ಘವಾದ ವಾದದ ಭಾಗಗಳು.

ಲಂಡನ್ನಿಗೆ ಹೋದ ನೇಥನ್ ಅಣ್ಣತಮ್ಮಂದಿರಲ್ಲಿ ಅತ್ಯಂತ ಚುರುಕಿನವನು. ಮನೆಯ ಬಗ್ಗೆ ಅಷ್ಟೇ ನಿರಾಸಕ್ತ. ವ್ಯಾಪಾರದ ಗದ್ದಲದ ನಡುವೆ ಸೇಂಟ್ ಸ್ವಿದಿನ್ಸ್ ಓಣಿಯ ನ್ಯೂ ಕೋರ್ಟಿನಲ್ಲಿ ಕಚೇರಿಯನ್ನೂ ಸಂಸಾರವನ್ನೂ ಒಟ್ಟಿಗೆ ಇಟ್ಟುಕೊಂಡು ಬಹಳ ಕಾಲ ಕಳೆದ. 1835ರಲ್ಲಿ ಲಂಡನ್ನಿನ ಪಶ್ಚಿಮಕ್ಕೆ ಗನರ್ಸ್‌ಬರಿ ಪಾರ್ಕ್ ಎಂಬ ದೊಡ್ಡ ತೋಟದ ಮನೆಯನ್ನು ಕೊಂಡ, ಮರುವರ್ಷ ಅಲ್ಲಿ ನೆಲೆಸುವ ಮುನ್ನವೇ ತೀರಿಕೊಂಡ. ಅದು ಈಗ ಸಾರ್ವಜನಿಕ ಉದ್ಯಾನ. 1926ರಿಂದ ಯಾರು ಬೇಕಾದರೂ ಅಲ್ಲಿ ಅಡ್ಡಾಡಬಹುದು. ಹಳ್ಳಿಗಾಡಿನಲ್ಲಿ ಭೂಮಿ ಕೂಡಿಸುವ ಕೆಲಸಕ್ಕೆ ನಿಜವಾಗಿ ಕೈಹಾಕಿದವರು ನೇಥನ್ನನ ವಿಧವೆ ಹ್ಯಾನಾ ಮತ್ತು ಮಕ್ಕಳು.

ಅವರು ಆರಿಸಿಕೊಂಡದ್ದು ಲಂಡನ್ನಿನ ವಾಯವ್ಯಕ್ಕಿರುವ ಏಲ್ಸ್‌ಬರಿ ಕಣಿವೆ. ಇದಕ್ಕೆ ಕಾರಣಗಳು ಬಹಳ ಲೌಕಿಕವಾದವು. 1838ರಲ್ಲಿ ಲಂಡನ್-ಬರ್ಮಿಂಗ್‌ಹ್ಯಾಮ್ ರೈಲು ಮಾರ್ಗ ತೆರೆದುದರಿಂದ ಬೆಳಿಗ್ಗೆ ಹೊರಟು ಕಚೇರಿ ಸೇರಬಹುದಿತ್ತು. ಬೇಟೆಗೆ ಒಳ್ಳೆಯ ಬಯಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿನ ಹಳೆಯ ಜಮೀನುದಾರರು ಸಾಲದಲ್ಲಿ ಮುಳುಗಿದ್ದರು. ಅದೇ ಸೀಮೆಯ ಬಕಿಂಗ್‌ಹ್ಯಾಮ್ ಡ್ಯೂಕ್ ದಿವಾಳಿಯೆದ್ದು 1848ರಲ್ಲಿ ಸ್ಟೋ ಅರಮನೆಯ ಸಾಮಾನುಗಳನ್ನು ನಲವತ್ತು ದಿನಗಳ ಕಾಲ ಹರಾಜು ಹಾಕಲಾಯಿತು. ಹಳಬರ ಕೈಯಿಂದ ಜಾರಿದ್ದನ್ನು ಹೊಸಬರು ಹಿಡಿದರು. ಮುಂದಿನ ನಾಲ್ಕು ದಶಕಗಳಲ್ಲಿ ಮೆಂಟ್‌ಮೋರ್, ಆಸ್ಟನ್ ಕ್ಲಿಂಟನ್, ಟ್ರಿಂಗ್, ಆಸ್ಕಾಟ್, ಹಾಲ್ಟನ್, ವಾಡ್ಸ್‌ಡನ್, ಈಥ್ರೋಪ್ ಎಂಬ ಏಳು ಮನೆಗಳು ಒಂದೇ ಕುಟುಂಬಕ್ಕೆ ಸೇರಿದವು. ನೀವು ಭೂಪಟದಲ್ಲಿ ಇವುಗಳಿಗೆ ಚುಕ್ಕೆಯಿಟ್ಟು ನೋಡಿ: ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕುದುರೆಗಾಡಿಯಲ್ಲಿ ಹೋಗಿ ಊಟಮಾಡಿ ಹಿಂತಿರುಗಬಹುದಾದಷ್ಟು ಹತ್ತಿರ. ಇಂಗ್ಲೆಂಡಿನ ಉದ್ದಗಲದಲ್ಲಿ ಎಲ್ಲಿ ಬೇಕಾದರೂ ಭೂಮಿ ಕೊಳ್ಳುವ ತಾಕತ್ತಿದ್ದವರು ಹೀಗೆ ಒಬ್ಬರ ಮಗ್ಗುಲಿಗೆ ಒಬ್ಬರು ಬಂದು ಕೂತದ್ದೇಕೆ? ರಾಜಕೀಯ ಕಾರಣವೂ ಇತ್ತು. 1865ರಿಂದ 1910ರವರೆಗೆ ಏಲ್ಸ್‌ಬರಿ ಕ್ಷೇತ್ರವನ್ನು ಪಾರ್ಲಿಮೆಂಟಿನಲ್ಲಿ ಪ್ರತಿನಿಧಿಸಿದವರು, ಒಂದು ಚಿಕ್ಕ ಅಂತರವನ್ನು ಬಿಟ್ಟರೆ, ಒಬ್ಬರಾದ ಮೇಲೊಬ್ಬರು ರಾಥ್ಸ್‌ಚೈಲ್ಡರೇ. ಆದರೂ ಆ ಭೂಪಟವನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಆ ಹಳೆಯ ಓಣಿ. ಮನೆಗಳ ನಡುವೆ ಸಾವಿರಾರು ಎಕರೆ ಬಂದಿದೆ, ಅಷ್ಟೇ. ಗೋಡೆಗೆ ಗೋಡೆ ತಾಗಿ ಬದುಕಿದವರ ನೆನಪು ಹೋಗಿಲ್ಲ.

ಈ ಏಳರಲ್ಲಿ ಮೊದಲ ದೊಡ್ಡ ಕಟ್ಟಡ ಮೆಂಟ್‌ಮೋರ್. ನೇಥನ್ನನ ಕಿರಿಯ ಮಗ ಮೇಯರ್ 1852ರಿಂದ 1854ರವರೆಗೆ ಇದನ್ನು ಕಟ್ಟಿಸಿದ. ಇದಕ್ಕೆ ಆತ ಆರಿಸಿದ ವಾಸ್ತುಶಿಲ್ಪಿ ಜೋಸೆಫ್ ಪ್ಯಾಕ್ಸ್‌ಟನ್. ಮೂಲತಃ ತೋಟಗಾರ, 1851ರ ಲಂಡನ್ ಮಹಾಪ್ರದರ್ಶನಕ್ಕೆ ಗಾಜಿನ ಅರಮನೆಯನ್ನು ನಿರ್ಮಿಸಿ ಆಗತಾನೇ ಹೆಸರಾಗಿದ್ದವನು. ಹೊರಗಿನಿಂದ ನೋಡಿದರೆ ಮೆಂಟ್‌ಮೋರ್ ಎಲಿಜಬೆತ್ ರಾಣಿಯ ಕಾಲದ್ದು, ನಾಟಿಂಗ್‌ಹ್ಯಾಮಿನ ವೊಲಾಟನ್ ಹಾಲ್ ಎಂಬ ಹದಿನಾರನೆಯ ಶತಮಾನದ ಮನೆಯ ಅನುಕರಣೆ. ಒಳಗೆ ಹೋದರೆ ನಡುಮನೆಯ ಮೇಲೆ ಗಾಜಿನ ಚಾವಣಿ, ಕೊಳವೆಗಳಲ್ಲಿ ಹರಿಯುವ ಬಿಸಿನೀರಿನಿಂದ ಕೋಣೆಗಳಿಗೆಲ್ಲ ಕಾವು, ಕಿಟಕಿಗಳಿಗೆ ಬೃಹತ್ ಗಾಜಿನ ಹಲಗೆಗಳು. ನಡುಮನೆಯಲ್ಲಿ ತೂಗುತ್ತಿದ್ದ ಚಿನ್ನದ ಬಣ್ಣದ ದೊಡ್ಡ ಕಂದೀಲುಗಳು ವೆನಿಸ್ಸಿನ ಅಧಿಪತಿಯ ಉತ್ಸವದ ನಾವೆಯವು ಎಂಬ ಪ್ರತೀತಿಯಿತ್ತು. ಹಳೆಯ ವಂಶದ ಮುಖ, ಹೊಸ ಕಾಲದ ಹೊಟ್ಟೆ: ಈ ಜೋಡಣೆ ಮುಂದೆ ಈ ಮನೆತನದ ಎಲ್ಲ ಮನೆಗಳಲ್ಲೂ ಕಾಣುತ್ತದೆ.

ಮೆಂಟ್‌ಮೋರನ್ನು ಕಂಡ ಪ್ಯಾರಿಸ್ಸಿನ ಚಿಕ್ಕಪ್ಪ ಜೇಮ್ಸ್, ಅದೇ ಪ್ಯಾಕ್ಸ್‌ಟನ್ನನನ್ನು ಕರೆಸಿ, ಅಂಥದೇ ಒಂದನ್ನು ಎರಡರಷ್ಟು ದೊಡ್ಡದಾಗಿ ಕಟ್ಟಿಕೊಡು ಎಂದನಂತೆ. ಪ್ಯಾರಿಸ್ಸಿನ ಪೂರ್ವಕ್ಕೆ ಎದ್ದ ಫೆರಿಯೇರ್ ಅರಮನೆಗೆ 1862ರ ಡಿಸೆಂಬರಿನಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನೇ ಅತಿಥಿಯಾಗಿ ಬಂದ. ಅಡುಗೆಯ ವಾಸನೆ ಅತಿಥಿಗಳಿಗೆ ತಟ್ಟಬಾರದೆಂದು ಅಡುಗೆಮನೆಯನ್ನು ದೂರದಲ್ಲಿ ಕಟ್ಟಿ, ಅಲ್ಲಿಂದ ಊಟದ ಹಜಾರದ ಕೆಳಗಿನವರೆಗೆ ನೆಲದಡಿಯಲ್ಲಿ ಪುಟ್ಟ ರೈಲು ಹಳಿ ಹಾಕಲಾಗಿತ್ತು. ಒಗ್ಗರಣೆಯ ಘಮವೇ ಅತಿಥಿಗೆ ಮೊದಲ ಸ್ವಾಗತವೆಂದು ತಿಳಿದ ನಮಗೆ ಇದು ಸ್ವಲ್ಪ ನಷ್ಟದ ಬಾಬತ್ತಾಗಿಯೇ ತೋರುತ್ತದೆ. ಎಂಟು ವರ್ಷಗಳೊಳಗೆ ಆ ಚಕ್ರವರ್ತಿ ಪ್ರಷ್ಯದವರ ಸೆರೆಯಾಳಾದ. 1870ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸನ್ನು ಮುತ್ತಿದ ಪ್ರಷ್ಯದ ರಾಜನೂ ಅವನ ಪ್ರಧಾನಿ ಬಿಸ್ಮಾರ್ಕನೂ ಬೀಡುಬಿಟ್ಟದ್ದು ಇದೇ ಫೆರಿಯೇರಿನಲ್ಲಿ. ಸೋತ ಫ್ರಾನ್ಸಿನ ಪರವಾಗಿ ಮಾತುಕತೆಗೆಂದು ಅದರ ವಿದೇಶಾಂಗ ಮಂತ್ರಿ ಜೂಲ್ ಫಾವ್ರ್ ಬಂದು ಬಿಸ್ಮಾರ್ಕನ ಎದುರು ಕುಳಿತದ್ದೂ ಅಲ್ಲಿಯೇ. ಮನೆಯ ಮೇಲ್ವಿಚಾರಕ ವೈನ್ ಕೊಡಲು ಒಪ್ಪಲಿಲ್ಲವೆಂದು ಬಿಸ್ಮಾರ್ಕ್ ಕೆರಳಿದ ಪ್ರಸಂಗವನ್ನು ಅವನ ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಒಂದು ಸಾಮ್ರಾಜ್ಯ ಉರುಳುತ್ತಿರುವಾಗಲೂ ಯಜಮಾನನ ಉಗ್ರಾಣದ ಬೀಗದ ಕೈಯನ್ನು ಬಿಡದ ಆ ನೌಕರನ ಬಗ್ಗೆ ನನಗೆ ಬಹಳ ಗೌರವವಿದೆ.

ಇನ್ನು ವಾಡ್ಸ್‌ಡನ್. ಇದರ ಬಗ್ಗೆ ಸ್ವಲ್ಪ ಸಾವಧಾನವಾಗಿ ಹೇಳಬೇಕು. ಇದನ್ನು ಕಟ್ಟಿಸಿದ ಫರ್ಡಿನಾಂಡ್ ವಿಯೆನ್ನಾ ಶಾಖೆಯವನು, ಆ ಹೋಟೆಲಿನಲ್ಲಿ ಬಾಳಿದ ಸಾಲೊಮನ್ನನ ಮೊಮ್ಮಗ. ಇಂಗ್ಲೆಂಡಿನ ಬಂಧುವಾದ ಎವಲೀನಾಳನ್ನು ಮದುವೆಯಾಗಿ ಲಂಡನ್ನಿನಲ್ಲಿ ನೆಲೆಸಿದ್ದ. 1866ರ ಡಿಸೆಂಬರಿನಲ್ಲಿ ಆಕೆ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಫರ್ಡಿನಾಂಡ್ ಮತ್ತೆ ಮದುವೆಯಾಗಲಿಲ್ಲ. 1874ರಲ್ಲಿ ಮಾರ್ಲ್‌ಬರೋ ಡ್ಯೂಕನಿಂದ ಆತ ಕೊಂಡ ಜಮೀನಿನ ನಡುವೆ ಒಂದು ಬೋಳುಗುಡ್ಡವಿತ್ತು. ಮರವಿರಲಿಲ್ಲ, ನೀರಿರಲಿಲ್ಲ, ರಸ್ತೆಯೂ ಇರಲಿಲ್ಲ. ವ್ಯವಹಾರ ಬಲ್ಲ ಯಾವ ಬ್ಯಾಂಕಿನವನೂ ಮನೆಗೆಂದು ಆರಿಸಿಕೊಳ್ಳದ ಆ ಗುಡ್ಡದ ನೆತ್ತಿಯನ್ನು ಆತ ಸಮತಟ್ಟು ಮಾಡಿಸಿದ. ಕ್ವೇಂಟನ್ ರೈಲು ನಿಲ್ದಾಣದ ಕಡೆಯಿಂದ ಕಲ್ಲು ಇಟ್ಟಿಗೆ ತರಲೆಂದು ಉಗಿಬಂಡಿಯ ಹಳಿ ಹಾಕಿಸಿದ. ಮೈಲುಗಟ್ಟಲೆ ದೂರದಿಂದ ಕೊಳವೆಯಲ್ಲಿ ನೀರು ತರಿಸಿದ. ಸಸಿ ನೆಟ್ಟು ಮರವಾಗುವವರೆಗೆ ಕಾಯುವ ತಾಳ್ಮೆ ಆತನಿಗಿರಲಿಲ್ಲ. ಬೆಳೆದ ಮರಗಳನ್ನೇ ಬೇರುಸಮೇತ ಅಗೆಸಿ, ಫ್ರಾನ್ಸಿನ ನಾರ್ಮಂಡಿಯಿಂದ ತರಿಸಿದ ದಢೂತಿ ಹೆಣ್ಣುಕುದುರೆಗಳನ್ನು ಕಟ್ಟಿದ ಬಂಡಿಗಳಲ್ಲಿ ಹೇರಿಸಿ ತಂದು ನೆಡಿಸಿದ. ಮರ ಹೊತ್ತ ಬಂಡಿ ಹಾದುಹೋಗಲು ದಾರಿಯ ಟೆಲಿಗ್ರಾಫ್ ತಂತಿಗಳನ್ನು ಇಳಿಸಬೇಕಾಗುತ್ತಿತ್ತು.

ಇಷ್ಟಾಗಿಯೂ ಗುಡ್ಡ ಸುಲಭವಾಗಿ ಮಣಿಯಲಿಲ್ಲ. ಹಾಕಿದ ಅಡಿಪಾಯದ ಒಂದು ಭಾಗ ಮರಳಿನಲ್ಲಿ ಕುಸಿದು, ಗಟ್ಟಿ ನೆಲ ಸಿಗುವವರೆಗೆ ಅಗೆದು ಮತ್ತೆ ಕಟ್ಟಬೇಕಾಯಿತು. 1877ರ ಆಗಸ್ಟ್ 18ರಂದು ಶಂಕುಸ್ಥಾಪನೆಯಾಗಿ, 1880ರಲ್ಲಿ ಅವಿವಾಹಿತರ ಪಾರ್ಶ್ವ ಎಂದು ಹೆಸರಿಸಿದ ಭಾಗ ಮೊದಲು ಸಿದ್ಧವಾಗಿ, 1883ರಲ್ಲಿ ಇಡೀ ಮನೆಯ ಗೃಹಪ್ರವೇಶವಾಯಿತು. ವಾಸ್ತುಶಿಲ್ಪಿ ಪ್ಯಾರಿಸ್ಸಿನ ಗ್ಯಾಬ್ರಿಯೆಲ್ ಡೆಸ್ಟಾಯೂರ್. ಆತ ಮೊದಲು ತೋರಿಸಿದ ದೊಡ್ಡ ನಕ್ಷೆಯನ್ನು ಫರ್ಡಿನಾಂಡ್ ಬೇಡವೆಂದಾಗ, ಮನೆ ಕಟ್ಟುವವರೆಲ್ಲರೂ ಚಿಕ್ಕದಾಗಿ ಕಟ್ಟಿ ಆಮೇಲೆ ಪರಿತಪಿಸುತ್ತಾರೆ ಎಂದು ಎಚ್ಚರಿಸಿದ್ದನಂತೆ. ಆ ಮಾತು ನಿಜವಾಯಿತೆಂದು ಫರ್ಡಿನಾಂಡನೇ ಮುಂದೆ ಬರೆದುಕೊಂಡಿದ್ದಾನೆ, ಮತ್ತು ಇನ್ನೊಂದು ಪಾರ್ಶ್ವವನ್ನು ಸೇರಿಸಿದ್ದಾನೆ. ಸಭೆಯಲ್ಲಿ ಮನೆ ಕಟ್ಟಿಸಿದವರು ತಲೆಯಾಡಿಸುತ್ತಿರುವುದು ನನಗೆ ಕಾಣುತ್ತಿದೆ.

ನೋಡಲು ವಾಡ್ಸ್‌ಡನ್ ಫ್ರಾನ್ಸಿನ ಲೋಆರ್ ನದಿಯ ದಂಡೆಯ ಹದಿನಾರನೆಯ ಶತಮಾನದ ಕೋಟೆಮನೆಗಳಂತಿದೆ. ಶಾಂಬೋರ್ ಅರಮನೆಯಿಂದ ಮೆಟ್ಟಿಲ ಗೋಪುರ, ಇನ್ನೊಂದರಿಂದ ಚೂಪು ಶಿಖರ. ಆದರೆ ಚರ್ಮದಡಿಯಲ್ಲಿ ಇರುವುದು ಉಕ್ಕಿನ ಹಂದರ. ಅದರಿಂದಾಗಿ ಕೆಳಗಿನ ಗೋಡೆಯ ಮೇಲೆಯೇ ಮೇಲಿನ ಗೋಡೆ ಬರಬೇಕೆಂಬ ನಿರ್ಬಂಧವಿಲ್ಲ, ಮಹಡಿಯ ಕೋಣೆಗಳನ್ನು ಬೇಕಾದಂತೆ ಹಂಚಿಕೊಳ್ಳಬಹುದು. ಒಳಗಿನ ಗೋಡೆಗಳಿಗೆ ಹೊದಿಸಿರುವ ಕೆತ್ತನೆಯ ಮರದ ಹಲಗೆಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ಯಾರಿಸ್ಸಿನ ಹಳೆಯ ಬೀದಿಗಳನ್ನು ಕೆಡವಿ ಅಗಲವಾದ ರಾಜಮಾರ್ಗಗಳನ್ನು ಮಾಡುವಾಗ ಶ್ರೀಮಂತ ಮನೆತನಗಳ ಎಷ್ಟೋ ಮನೆಗಳು ನೆಲಕ್ಕುರುಳಿದವು. ಆ ಮನೆಗಳಿಂದ ಕಳಚಿದ ಹಲಗೆಗಳನ್ನು ಫರ್ಡಿನಾಂಡ್ ಕೊಂಡು, ಅವುಗಳ ಅಳತೆಗೆ ತಕ್ಕಂತೆ ತನ್ನ ಕೋಣೆಗಳನ್ನು ಕಟ್ಟಿಸಿದ. ಗುಂಡಿ ಸಿಕ್ಕಿತೆಂದು ಅಂಗಿ ಹೊಲಿಸಿದ ಹಾಗೆ. ಫ್ರಾನ್ಸಿನ ಕ್ರಾಂತಿಯ ನಂತರ ಚೆಲ್ಲಾಪಿಲ್ಲಿಯಾದ ಅರಸರ ಮೇಜು, ಕುರ್ಚಿ, ರತ್ನಗಂಬಳಿ, ಪಿಂಗಾಣಿಗಳು ಹೀಗೆ ಓಣಿಯಲ್ಲಿ ಹುಟ್ಟಿದವನ ವಂಶದವರ ಮನೆ ಸೇರಿದವು. ಇದಕ್ಕೆ ರಾಥ್ಸ್‌ಚೈಲ್ಡ್ ಅಭಿರುಚಿ ಎಂಬ ಹೆಸರೇ ಬಿದ್ದು, ಅಟ್ಲಾಂಟಿಕ್ಕಿನ ಆಚೆಯ ಹೊಸ ಸಿರಿವಂತರೂ ಅದನ್ನು ಅನುಸರಿಸಿದರು.

ನೋಡಿದವರು ಮರೆಯದ ಒಂದು ವಸ್ತು ಅಲ್ಲಿದೆ: 1774ರಲ್ಲಿ ಹುಬರ್ಟ್ ಮಾರ್ಟಿನೆ ಎಂಬ ಗಡಿಯಾರದ ಕುಶಲಕರ್ಮಿ ಮಾಡಿದ ಕೀಲಿ ಆನೆ. ಕೀಲಿ ಕೊಟ್ಟರೆ ಸಂಗೀತ ನುಡಿಯುತ್ತದೆ, ಸೊಂಡಿಲು ಸುರುಳುತ್ತದೆ, ಕಿವಿ ಬಾಲಗಳು ಅಲ್ಲಾಡುತ್ತವೆ, ಕಣ್ಣು ತಿರುಗುತ್ತದೆ. 1889ರಲ್ಲಿ ಪರ್ಷಿಯದ ಷಾ ಇಲ್ಲಿಗೆ ಬಂದಾಗ, ತನ್ನನ್ನು ಬರಮಾಡಿಕೊಳ್ಳಲು ಯುವರಾಜ ಬರಲಿಲ್ಲವೆಂದು ಮುಖ ಊದಿಸಿಕೊಂಡಿದ್ದನಂತೆ. ಈ ಆನೆಯನ್ನು ಕಂಡದ್ದೇ ತಡ, ಮತ್ತೆ ಮತ್ತೆ ಆಡಿಸಿ ಎಂದು ಮಗುವಿನಂತೆ ಕೇಳಿದ. ಮರುವರ್ಷ, 1890ರ ಮೇ 14ರಂದು, ವಿಕ್ಟೋರಿಯಾ ರಾಣಿ ಬಂದಳು. ಆಗತಾನೇ ವಿದ್ಯುದ್ದೀಪ ಹಾಕಿಸಿದ್ದರು. ರಾಣಿ ಕೋಣೆಯನ್ನು ಕತ್ತಲಾಗಿಸಿ ದೀಪದ ಗೊಂಚಲನ್ನು ಹೊತ್ತಿಸಿ ಆರಿಸಿ ನೋಡಿ ಬೆರಗಾದಳು. ಅರ್ಧ ಲೋಕವನ್ನು ಆಳುತ್ತಿದ್ದಾಕೆ ಒಂದು ಗುಂಡಿಯ ಮುಂದೆ ಹೀಗೆ ನಿಂತದ್ದನ್ನು ನೆನೆದರೆ ನನಗೆ ನಮ್ಮೂರಿಗೆ ಮೊದಲು ವಿದ್ಯುತ್ ಬಂದ ಸಂಜೆ ಕಣ್ಣಮುಂದೆ ಬರುತ್ತದೆ.

ಆತಿಥ್ಯದ ಬಗ್ಗೆ ಒಂದು ಕಥೆಯನ್ನು ಆ ಕಾಲದ ಅತಿಥಿಗಳು ಹೇಳಿಕೊಂಡು ನಗುತ್ತಿದ್ದರು. ಬೆಳಿಗ್ಗೆ ಸೇವಕ ಬಂದು ಚಹಾ ಬೇಕೋ, ಕಾಫಿಯೋ, ಇಲ್ಲ ಈಗಷ್ಟೇ ಕಿತ್ತ ಪೀಚ್ ಹಣ್ಣೋ ಎಂದು ಕೇಳುತ್ತಾನೆ. ಚಹಾ ಎಂದರೆ, ಅಸ್ಸಾಮಿನದೋ, ಸಿಲೋನಿನದೋ, ಚೀನಾದ್ದೋ? ಅದನ್ನು ಆರಿಸಿದರೆ, ನಿಂಬೆಯೋ, ಕೆನೆಯೋ, ಹಾಲೋ? ಹಾಲು ಎಂದರೆ, ಯಾವ ತಳಿಯ ಹಸುವಿನದು, ಜರ್ಸಿಯೋ, ಹೆರೆಫರ್ಡೋ, ಶಾರ್ಟ್‌ಹಾರ್ನೋ? ಒಂದು ಲೋಟ ಚಹಾ ಕೈಗೆ ಬರುವಷ್ಟರಲ್ಲಿ ಅತಿಥಿಗೆ ಪರೀಕ್ಷೆ ಮುಗಿಸಿದಷ್ಟು ದಣಿವು. ನಗು ಬಂದರೂ ಇದರ ಹಿಂದಿನ ಆತಂಕವನ್ನು ಗಮನಿಸಿ. ಹಳೆಯ ಜಮೀನುದಾರನ ಮನೆಯಲ್ಲಿ ಸೂರು ಸೋರಿದರೂ, ಸಾರು ತಣ್ಣಗಿದ್ದರೂ ಯಾರೂ ಅವನ ಕುಲವನ್ನು ಪ್ರಶ್ನಿಸುವುದಿಲ್ಲ. ಹೊಸದಾಗಿ ಬಂದವನು ಹಾಲಿನಲ್ಲಿಯೂ ತಪ್ಪುವಂತಿಲ್ಲ.

ಫರ್ಡಿನಾಂಡನ ತಂಗಿ ಆಲಿಸ್ ಪಕ್ಕದ ಈಥ್ರೋಪಿನಲ್ಲಿ ನದಿಯ ದಂಡೆಯ ಮೇಲೆ ಒಂದು ಚೆಂದದ ಮನೆ ಕಟ್ಟಿಸಿದಳು. ಅದರಲ್ಲಿ ಮಲಗುವ ಕೋಣೆಗಳಿರಲಿಲ್ಲ. ಆಕೆಗೆ ಹಿಂದೆ ಸಂಧಿವಾತದ ಜ್ವರ ಬಂದಿತ್ತು, ನೀರಿನ ಹತ್ತಿರ ರಾತ್ರಿ ಕಳೆಯಬಾರದೆಂದು ವೈದ್ಯರು ಹೇಳಿದ್ದರು. ಹಗಲೆಲ್ಲ ತನ್ನ ಮನೆಯಲ್ಲಿದ್ದು ಸಂಜೆ ಗಾಡಿ ಕಟ್ಟಿಸಿ ಅಣ್ಣನ ಮನೆಗೆ ಮಲಗಲು ಹೋಗುತ್ತಿದ್ದಳು. 1898ರಲ್ಲಿ ಅಣ್ಣ ತೀರಿಕೊಂಡ ಮೇಲೆ ವಾಡ್ಸ್‌ಡನ್ ಆಕೆಗೆ ಬಂತು. ಬಿಸಿಲು ಬಟ್ಟೆಯ ಬಣ್ಣವನ್ನೂ ಮರದ ಹೊಳಪನ್ನೂ ತಿನ್ನುತ್ತದೆಂದು ಕಿಟಕಿಯ ಪರದೆಗಳನ್ನು ಇಳಿಸಿರಬೇಕು, ಹಳೆಯ ವಸ್ತುಗಳನ್ನು ಬರಿಗೈಯಿಂದ ಮುಟ್ಟಬಾರದು ಎಂದೆಲ್ಲ ಆಕೆ ಕಟ್ಟಳೆ ಮಾಡಿದಳು. ವಸ್ತುಸಂಗ್ರಹಾಲಯದವರು ಇಂದು ಪಾಲಿಸುವ ನಿಯಮಗಳು ಅವು. ಮಿಸ್ ಆಲಿಸಳ ನಿಯಮಗಳೆಂದೇ ಅವು ಪ್ರಸಿದ್ಧ. ಇಂದಿಗೂ ಅಲ್ಲಿನ ಕೋಣೆಗಳು ಮಂದ ಬೆಳಕಿನಲ್ಲಿರುತ್ತವೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಚಿನ್ನದ ಗೆರೆಗಳು ಕತ್ತಲಿನಿಂದ ಒಂದೊಂದಾಗಿ ಮೂಡಿಬರುತ್ತವೆ.

ಹಾಲ್ಟನ್ನಿನ ಬಗ್ಗೆ ಎರಡು ಮಾತು ಸಾಕು. 1883ರಲ್ಲಿ ಅದನ್ನು ಮುಗಿಸಿದ ಆಲ್ಫ್ರೆಡ್ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೊದಲ ಯಹೂದಿ ನಿರ್ದೇಶಕ. ಸ್ವಂತ ವಾದ್ಯವೃಂದವನ್ನು ದಂತದ ಕೋಲು ಹಿಡಿದು ತಾನೇ ನಡೆಸುತ್ತಿದ್ದ, ಸ್ವಂತ ಸರ್ಕಸ್ಸನ್ನೂ ಇಟ್ಟುಕೊಂಡಿದ್ದ. ಹೂವಿನ ಪಾತಿಗೆ ಸಾಮಾನ್ಯ ಜಮೀನುದಾರ ಹತ್ತು ಸಾವಿರ ಸಸಿ ನೆಡಬೇಕು, ಬ್ಯಾರೊನೆಟ್ ಇಪ್ಪತ್ತು ಸಾವಿರ, ಅರ್ಲ್ ಮೂವತ್ತು ಸಾವಿರ ಎಂದು ಆ ಕಾಲದ ತೋಟಗಾರರಲ್ಲಿ ಒಂದು ಲೆಕ್ಕವಿತ್ತು. ಹಾಲ್ಟನ್ನಿನ ತೋಟ ಅರ್ಲನನ್ನು ಮೀರಿಸಿತ್ತು. ಮೊದಲ ಮಹಾಯುದ್ಧದಲ್ಲಿ ಆಲ್ಫ್ರೆಡ್ ತನ್ನ ಜಮೀನನ್ನು ಸೈನ್ಯದ ತರಬೇತಿಗೆ ಬಿಟ್ಟುಕೊಟ್ಟ, ಕಂದಕಗಳಿಗೆ ಆಸರೆಯಾಗಲೆಂದು ಬೀಚ್ ಮರಗಳನ್ನು ಕಡಿಯಗೊಟ್ಟ. 1918ರಲ್ಲಿ ಆತ ತೀರಿಕೊಂಡ ಮೇಲೆ ಮನೆ ಬ್ರಿಟನ್ನಿನ ವಾಯುಪಡೆಯ ಪಾಲಾಗಿ ಅಧಿಕಾರಿಗಳ ಭೋಜನಗೃಹವಾಯಿತು. ಜಮೀನಿನಲ್ಲಿ ವಿಮಾನಗಳ ಮೆಕ್ಯಾನಿಕ್‌ಗಳನ್ನು ತಯಾರು ಮಾಡುವ ಶಾಲೆ ಎದ್ದಿತು. ಈ ವಾಯುಪಡೆಯನ್ನು ನೆನಪಿಟ್ಟುಕೊಳ್ಳಿ.

ಟ್ರಿಂಗ್ ಪಾರ್ಕಿಗೆ ಬಂದಾಗ ನಾನು ದಾರಿ ಬಿಟ್ಟು ಸ್ವಲ್ಪ ಬೆಂಗಳೂರಿಗೆ ಬರುತ್ತೇನೆ, ಕ್ಷಮಿಸಿ. ಟ್ರಿಂಗಿನ ಒಡೆಯ 1885ರಲ್ಲಿ ಲಾರ್ಡ್ ಪದವಿ ಪಡೆದ ಮೊದಲ ಯಹೂದಿ. ಆತನ ತಂದೆ ಲಯನೆಲ್ 1847ರಲ್ಲಿ ಪಾರ್ಲಿಮೆಂಟಿಗೆ ಚುನಾಯಿತನಾಗಿಯೂ, ಕ್ರೈಸ್ತ ಪ್ರಮಾಣವಚನ ಸ್ವೀಕರಿಸಲು ಒಪ್ಪದೆ, ಹನ್ನೊಂದು ವರ್ಷ ಕಾದು 1858ರಲ್ಲಿ ಪೀಠ ಏರಿದವನು. ಲಾರ್ಡನ ಹಿರಿಯ ಮಗ ವಾಲ್ಟರನಿಗೆ ಬ್ಯಾಂಕು ಹಿಡಿಸಲಿಲ್ಲ, ಪ್ರಾಣಿಗಳು ಹಿಡಿಸಿದವು. ತಂದೆ ಮನೆಯಂಗಳದ ಮೂಲೆಯಲ್ಲಿ ಕಟ್ಟಿಸಿಕೊಟ್ಟ ವಸ್ತುಸಂಗ್ರಹಾಲಯವನ್ನು ಆತ 1892ರಲ್ಲಿ ಸಾರ್ವಜನಿಕರಿಗೆ ತೆರೆದ. ಗಾಡಿಗೆ ಜೀಬ್ರಾಗಳನ್ನು ಕಟ್ಟಿಕೊಂಡು ಬಕಿಂಗ್‌ಹ್ಯಾಮ್ ಅರಮನೆಗೆ ಹೋದವನು ಈತನೇ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚಿಟ್ಟೆ ಪತಂಗಗಳನ್ನು ಕೂಡಿಸಿದ. ತಮ್ಮ ಚಾರ್ಲ್ಸ್ ಶ್ರದ್ಧೆಯಿಂದ ಬ್ಯಾಂಕಿಗೆ ಹೋಗುತ್ತಿದ್ದ, ಬಿಡುವಿನಲ್ಲಿ ಚಿಗಟ ಹಿಡಿಯುತ್ತಿದ್ದ. ಇಲಿಯ ಮೈಮೇಲಿನ ಚಿಗಟ. 1901ರಲ್ಲಿ ಸೂಡಾನಿನಲ್ಲಿ ಆತ ಸಂಗ್ರಹಿಸಿ, 1903ರಲ್ಲಿ ಈಜಿಪ್ಟಿನ ಫೇರೋ ಕೀಯಾಪ್ಸನ ಹೆಸರಿಟ್ಟು ವಿವರಿಸಿದ ಒಂದು ಚಿಗಟವೇ, ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ಮುಟ್ಟಿಸುವ ಮುಖ್ಯ ವಾಹಕ. ಮುಂಬಯಿಯಲ್ಲಿ ಕೆಲಸ ಮಾಡಿದ ಪ್ಲೇಗ್ ಸಂಶೋಧನಾ ಆಯೋಗ ಕೆಲವೇ ವರ್ಷಗಳಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟಿತು. 1898ರಲ್ಲಿ ಬೆಂಗಳೂರಿನ ಪೇಟೆಗಳನ್ನು ಖಾಲಿ ಮಾಡಿಸಿದ, ಬಸವನಗುಡಿ ಮಲ್ಲೇಶ್ವರದಂಥ ಬಡಾವಣೆಗಳು ಬೆಳೆಯಲು ಕಾರಣವಾದ, ಊರೂರಲ್ಲಿ ಪ್ಲೇಗಮ್ಮನ ಗುಡಿ ಎಬ್ಬಿಸಿದ ಆ ಮಾರಿಯನ್ನು ಹೊತ್ತು ತಂದ ಕೀಟದ ಶಾಸ್ತ್ರೀಯ ಹೆಸರಿನ ಮುಂದೆ ಇಂದಿಗೂ ಒಬ್ಬ ಬ್ಯಾಂಕಿನವನ ಹೆಸರು ಬರೆಯುತ್ತಾರೆ. ಟ್ರಿಂಗಿನ ಸಂಗ್ರಹಾಲಯದಲ್ಲಿ ಪುಟ್ಟ ಬಟ್ಟೆ ತೊಡಿಸಿದ ಚಿಗಟಗಳೂ ಇವೆ. ಮಕ್ಕಳು ಭೂತಗನ್ನಡಿಯಲ್ಲಿ ಅವನ್ನು ನೋಡಿ ಕೇಕೆ ಹಾಕುತ್ತಾರೆ.

ಈಗ ಇಳಿಗಾಲದ ಕಥೆ. ಮೆಂಟ್‌ಮೋರ್ ಕಟ್ಟಿಸಿದ ಮೇಯರನ ಒಬ್ಬಳೇ ಮಗಳು ಹ್ಯಾನಾ 1878ರಲ್ಲಿ ರೋಸ್‌ಬರಿಯ ಅರ್ಲನನ್ನು ಮದುವೆಯಾದಳು. ಆಕೆ ಗತಿಸಿ ನಾಲ್ಕು ವರ್ಷಕ್ಕೆ, 1894ರಲ್ಲಿ, ಆತ ಬ್ರಿಟನ್ನಿನ ಪ್ರಧಾನಿಯಾದ. ಮನೆ ರೋಸ್‌ಬರಿ ವಂಶಕ್ಕೆ ಹೋಯಿತು. 1974ರಲ್ಲಿ ಆರನೆಯ ಅರ್ಲ್ ತೀರಿಕೊಂಡಾಗ ಆಸ್ತಿಯ ಮೇಲಿನ ತೆರಿಗೆಯ ಬದಲಾಗಿ ಮನೆಯನ್ನೂ ಒಳಗಿದ್ದ ಸಮಸ್ತವನ್ನೂ 20 ಲಕ್ಷ ಪೌಂಡಿಗೆ ತೆಗೆದುಕೊಳ್ಳಿ ಎಂದು ಸರ್ಕಾರದ ಮುಂದೆ ಇಟ್ಟರು. ಸರ್ಕಾರ ಮೀನಮೇಷ ಎಣಿಸಿ ಬೇಡವೆಂದಿತು. 1977ರ ಮೇ ತಿಂಗಳಲ್ಲಿ ಹತ್ತು ದಿನ ಹರಾಜು ನಡೆದು 60 ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು. ಸಾಧಾರಣ ಚಿತ್ರವೆಂದು ಬೇರೊಬ್ಬ ಕಲಾವಿದನ ಹೆಸರಿನಲ್ಲಿ 8,000 ಪೌಂಡಿಗೆ ಹೋದ ಒಂದು ಚಿತ್ರ, ಹದಿನೆಂಟನೆಯ ಶತಮಾನದ ಫ್ರಾನ್ಸಿನ ಫ್ರಾಗೊನಾರ್‌ನ ಕೃತಿಯೆಂದು ಆಮೇಲೆ ತಿಳಿದು, ಅದನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿ ಹಲವು ಪಟ್ಟು ಹೆಚ್ಚು ಬೆಲೆಗೆ ಕೊಂಡಿತು. ಸ್ಟೋ ಹರಾಜಿನ ಕಾಲದಲ್ಲಿ ಹಳಬರ ಸಾಮಾನನ್ನು ಹೊಸಬರು ಕೊಂಡರು; ನೂರಿಪ್ಪತ್ತೊಂಬತ್ತು ವರ್ಷಗಳ ನಂತರ ಆ ಹೊಸಬರೂ ಹಳಬರಾಗಿದ್ದರು. ಖಾಲಿ ಗೋಡೆಗಳು ಉಳಿದ ಮನೆಯನ್ನು 1978ರಲ್ಲಿ ಕೊಂಡವರು ಯಾರು ಗೊತ್ತೇ? ಜ್ಯೋತಿರ್ಮಠದ ಬ್ರಹ್ಮಾನಂದ ಸರಸ್ವತಿಯವರ ಶಿಷ್ಯ, ಭಾವಾತೀತ ಧ್ಯಾನದ ಮಹರ್ಷಿ ಮಹೇಶ ಯೋಗಿಯವರ ಸಂಸ್ಥೆ. ಕುದುರೆ, ಬೇಟೆ, ಶಾಂಪೇನುಗಳ ಆ ನಡುಮನೆಯಲ್ಲಿ ಎರಡು ದಶಕಗಳ ಕಾಲ ಜನ ಕಣ್ಣು ಮುಚ್ಚಿ ಕುಳಿತಿದ್ದರು.

ಇಂಗ್ಲೆಂಡಿನಲ್ಲಿ ಮನೆಗಳನ್ನು ತೆರಿಗೆ ಕಿತ್ತುಕೊಂಡಿತು. ವಿಯೆನ್ನಾದಲ್ಲಿ ಕಿತ್ತುಕೊಂಡವರೇ ಬೇರೆ. ಸಾಲೊಮನ್ನನ ಮೊಮ್ಮಗ ಆಲ್ಬರ್ಟ್, ವಾಡ್ಸ್‌ಡನ್ನಿನ ಡೆಸ್ಟಾಯೂರನಿಂದಲೇ ಅಲ್ಲೊಂದು ಅರಮನೆ ಕಟ್ಟಿಸಿದ್ದ. 1938ರ ಮಾರ್ಚಿನಲ್ಲಿ ನಾಜಿಗಳು ಆಸ್ಟ್ರಿಯವನ್ನು ನುಂಗಿದಾಗ ಆಲ್ಬರ್ಟನ ಮಗ ಲೂಯಿ ಸೆರೆಯಾಳಾದ, ಆಸ್ತಿಯನ್ನೆಲ್ಲ ಬರೆದುಕೊಟ್ಟ ಮೇಲೆ ಮುಂದಿನ ವರ್ಷ ಬಿಡುಗಡೆಯಾಗಿ ದೇಶ ಬಿಟ್ಟ. ಆ ಅರಮನೆಯಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್ ತನ್ನ ಕಚೇರಿ ತೆರೆದ. ಯಹೂದಿಗಳಿಂದ ಇದ್ದದ್ದನ್ನೆಲ್ಲ ಕಸಿದು ದೇಶದಿಂದ ಹೊರಹಾಕುವ ಕಾಗದಪತ್ರಗಳ ಕಚೇರಿ. ಒಂದು ಕಾಲಕ್ಕೆ ಈ ನಗರದಲ್ಲಿ ಹೊಸ್ತಿಲು ಕೊಳ್ಳಲು ಕಾದವರ ಮನೆಯ ಹಜಾರದಲ್ಲಿ ಸಾವಿರಾರು ಜನ ತಮ್ಮ ಹೊಸ್ತಿಲು ಬಿಟ್ಟುಹೋಗುವ ಚೀಟಿಗಾಗಿ ಸಾಲುನಿಂತರು. ಯುದ್ಧದ ನಂತರ, 1954ರಲ್ಲಿ, ಆ ಕಟ್ಟಡವನ್ನು ಕೆಡವಲಾಯಿತು. ಈ ಒಂದು ಕೆಡವುವಿಕೆಯ ಬಗ್ಗೆ, ಹಳೆಯ ಕಟ್ಟಡಗಳ ಪರವಾಗಿ ಸದಾ ವಾದಿಸುವ ನಾನು, ಏನು ಹೇಳಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ವಾಡ್ಸ್‌ಡನ್ ಉಳಿಯಿತು. ಮಕ್ಕಳಿಲ್ಲದ ಫರ್ಡಿನಾಂಡ್, ಸಾಯುವ ಮುಂಚಿನ ವರ್ಷ ಬರೆದ ಪುಟಗಳಲ್ಲಿ, ವಾರಸುದಾರರಿಲ್ಲದವರ ಆಸ್ತಿಗೆ ಆಗುವ ಗತಿಯೇ ಇದಕ್ಕೂ ಆಗಬಹುದೆಂದು ಹೆದರಿದ್ದ. ತೋಟದಲ್ಲಿ ಕಳೆ ಹಬ್ಬಿ, ಜಗಲಿಗಳು ಪುಡಿಯಾಗಿ, ಚಿತ್ರಗಳು ಕಡಲು ದಾಟಿ, ಪಾಳುಬಿದ್ದ ಗೋಪುರದಿಂದ ಇರುಳುಹಕ್ಕಿ ಕೂಗುವ ದಿನ ಬೇಗ ಬಾರದಿರಲಿ ಎಂದು ಹಾರೈಸಿದ್ದ. 1922ರಲ್ಲಿ ಆಲಿಸ್ ತೀರಿಕೊಂಡ ಮೇಲೆ ಮನೆ ಪ್ಯಾರಿಸ್ ಶಾಖೆಯ ಇನ್ನೊಬ್ಬ ಜೇಮ್ಸ್ ಮತ್ತು ಆತನ ಹೆಂಡತಿ ಡೊರೊಥಿಗೆ ಬಂತು. ಅವರಿಗೂ ಮಕ್ಕಳಿರಲಿಲ್ಲ. ಜೇಮ್ಸ್ 1957ರಲ್ಲಿ ಅದನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಉಯಿಲು ಬರೆದು, ನಿರ್ವಹಣೆಗೆಂದು ದೊಡ್ಡ ಮೊತ್ತದ ನಿಧಿಯನ್ನೂ ಇಟ್ಟ. 1959ರಿಂದ ಜನ ಟಿಕೆಟು ಕೊಂಡು ಒಳಗೆ ಹೋಗುತ್ತಿದ್ದಾರೆ.

ಅದಕ್ಕೂ ಮೊದಲಿನ ಒಂದು ಪ್ರಸಂಗವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಡ್ಸ್‌ಡನ್ನಿನ ದೊಡ್ಡ ಮನೆಯಲ್ಲಿ ಬಾಂಬ್ ದಾಳಿಯಿಂದ ತಪ್ಪಿಸಿಕೊಂಡು ಬಂದ ಐದು ವರ್ಷದೊಳಗಿನ ಸುಮಾರು ನೂರು ಮಕ್ಕಳಿದ್ದರು. ಅವರು ಬರುವುದಕ್ಕೆ ಮುಂಚೆಯೇ, 1939ರಲ್ಲಿ, ಜೇಮ್ಸ್ ಮತ್ತು ಡೊರೊಥಿ ಗುಡ್ಡದ ಕೆಳಗಿನ ಹಳ್ಳಿಯಲ್ಲಿ ಸೀಡರ್ಸ್ ಎಂಬ ಮನೆಯನ್ನು ಇನ್ನೊಂದು ಗುಂಪಿಗೆ ಬಿಟ್ಟುಕೊಟ್ಟಿದ್ದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಸುಮಾರು ಮೂವತ್ತು ಯಹೂದಿ ಹುಡುಗರು ಅವರು, ಬಂದದ್ದು ಫ್ರಾಂಕ್‌ಫರ್ಟಿನಿಂದ. ಹಳ್ಳಿಯ ಶಾಲೆಗೆ ಸೇರಿದರು, ಇಂಗ್ಲಿಷ್ ಕಲಿತರು. ಹಳ್ಳಿಯ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂದಿಗೂ ಐದು ಬಾಣಗಳ ಗುರುತಿದೆ, ಓಣಿಯಿಂದ ಹೊರಟ ಐವರು ಅಣ್ಣತಮ್ಮಂದಿರ ಗುರುತು. ಆ ಹುಡುಗರು ಶಾಲೆಗೆ ಹೋಗುತ್ತಿದ್ದದ್ದು ಅದರ ಕೆಳಗೇ. ಗುಟ್ಲೆ ಬಿಡಲೊಪ್ಪದ ಹಸಿರು ಗುರಾಣಿಯ ಮನೆ ಫ್ರಾಂಕ್‌ಫರ್ಟಿನಲ್ಲಿ ಅಲ್ಲಿಯವರೆಗೂ ನಿಂತಿತ್ತು. 1944ರಲ್ಲಿ ಬ್ರಿಟನ್ನಿನ ವಾಯುಪಡೆ ಆ ನಗರದ ಮೇಲೆ ಬಾಂಬು ಸುರಿದಾಗ ಅದು ಸುಟ್ಟುಹೋಯಿತು.